ಔರಾದದ ಟೆಂಟಿನಲ್ಲಿ ಮಾತಾಡಿದ ದೆವ್ವ

ನಿಲಂಗಾದಿಂದ ಉದಗೀರದವರೆಗೆ ಯಾರನ್ನು ಕೇಳಿದರೂ ಒಂದೇ ಕಥೆ ಹೇಳುತ್ತಾರೆ. ಔರಾದ ಶಹಾಜನಿಯ ಸಂತೆಯ ದಿನ ನಾಟಕ ನಡೆಯುತ್ತಿದ್ದಾಗ ದೀಪಗಳು ತಾವಾಗಿಯೇ ಆರಿದವು, ಖಾಲಿ ರಂಗದಿಂದ ಸತ್ತವನೊಬ್ಬ ಮಾತಾಡಿದ, ತನ್ನನ್ನು ಎಲ್ಲಿ ಹೂಳಿದ್ದಾರೆಂದು ತಾನೇ ಹೇಳಿದ, ಮರುದಿನ ಅಗೆದರೆ ಅಲ್ಲೇ ಸಿಕ್ಕ, ಅಂದಿನಿಂದ ಆ ನಾಟಕಕ್ಕೆ ಜನ ಮುಗಿಬಿದ್ದರು ಎಂದು. ಕಥೆ ಚೆನ್ನಾಗಿದೆ. ಆದರೆ ದೀಪಗಳು ತಾವಾಗಿ ಆರಲಿಲ್ಲ, ನಾವು ಮುಚ್ಚಿದೆವು. ಧ್ವನಿ ರಂಗದಿಂದ ಬರಲಿಲ್ಲ. ಮಾತಾಡಿದವನು ಸತ್ತಿರಲಿಲ್ಲ. ಉಳಿದದ್ದು ನಿಜ. ಹೇಳಿದ ಜಾಗದಲ್ಲಿ ಸತ್ತವನೊಬ್ಬ ಇದ್ದ, ಮತ್ತು ನಾಟಕ ಓಡಿತು.

ಇದನ್ನು ಹೇಳುವ ಹಕ್ಕು ನನಗಿದೆ, ಏಕೆಂದರೆ ಆ ನಾಟಕ ಬರೆದವನು ನಾನು. ರಾಜ್ಯಗಳನ್ನು ಭಾಷೆಯ ಮೇಲೆ ಹಂಚುವುದಕ್ಕೆ ಹಿಂದಿನ ವರ್ಷ, 1955ರಲ್ಲಿ, ಒಂದು ಸಂಚಾರಿ ನಾಟಕ ಕಂಪನಿಯಲ್ಲಿ ನಾನು ಬರಹಗಾರನೂ ಪ್ರಾಂಪ್ಟರನೂ ಆಗಿದ್ದೆ. ಪ್ರಾಂಪ್ಟರ್ ಎಂದರೆ ಪಕ್ಕದ ಪರದೆಯ ಮರೆಯಲ್ಲಿ ನಿಂತು, ನಟ ಮರೆತ ಮಾತನ್ನು ಮೆಲ್ಲಗೆ ಎತ್ತಿಕೊಡುವವನು. ಊರು ಉಮರಗಾ. ಹೈದರಾಬಾದಿನ ಕಾಲೇಜಿನಲ್ಲಿ ಪಾಠಕ್ಕಿಂತ ಚರ್ಚಾಕೂಟದಲ್ಲಿ ಹೆಚ್ಚು ಕುಳಿತವನು. ದೇವರಿದ್ದಾನೆ ಎಂದವರಿಗೆ ಸಾಕ್ಷಿ ಕೇಳಿ, ಇಲ್ಲ ಎಂದವರಿಗೂ ಸಾಕ್ಷಿ ಕೇಳಿ, ಎರಡೂ ಕಡೆಯಿಂದ ಬೈಸಿಕೊಂಡವನು. ಈಗ ಮದ್ರಾಸಿನ ಸ್ಟುಡಿಯೊ ಒಂದರಲ್ಲಿ, ಬೇರೆ ಭಾಷೆಯ ಚಿತ್ರಗಳನ್ನು ಕನ್ನಡದಲ್ಲಿ ಮತ್ತೆ ತೆಗೆಯುವಾಗ ಸಂಭಾಷಣೆ ಬರೆಯುತ್ತೇನೆ. ದೆವ್ವದ ಚಿತ್ರದ ರೀಮೇಕಿಗೆ ಬರುವ ನಿರ್ಮಾಪಕರು ಮೊದಲು ಕೇಳುವುದು ಹೊಗೆ ಎಷ್ಟು ಬೇಕು ಎಂದು. ನಾನು ಔರಾದದ ಸಂಗತಿ ಹೇಳುತ್ತೇನೆ. ಕೇಳಿ, ತಲೆಯಾಡಿಸಿ, ಮತ್ತೆ ಹೊಗೆಯ ವಿಚಾರಕ್ಕೇ ಬರುತ್ತಾರೆ. ಆದ್ದರಿಂದ ಒಮ್ಮೆ ಬರೆದೇ ಬಿಡುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಹೆಣ ಸಿಕ್ಕ ಹಳ್ಳಿಯ ಹೆಸರನ್ನಂತೂ ಹೇಳುವುದಿಲ್ಲ.

ಆ ವರ್ಷ ಉದಗೀರದ ಟೂರಿಂಗ್ ಟಾಕೀಸಿನಲ್ಲಿ ಒಂದು ಹಿಂದಿ ದೆವ್ವದ ಚಿತ್ರ ವಾರಗಟ್ಟಲೆ ಓಡಿತು. ಜಮೀನ್ದಾರನ ಮೊದಲ ಹೆಂಡತಿ ಸಾಯುತ್ತಾಳೆ, ಚಿತೆ ಉರಿಯುತ್ತದೆ, ಎರಡನೆಯವಳು ಮನೆ ತುಂಬಿದ ಮೇಲೆ ಸ್ಮಶಾನದ ಕಡೆಯಿಂದ ಒಂದು ದೀಪ ತಾನೇ ನಡೆದು ಬರುತ್ತದೆ. ನಮ್ಮ ಕಂಪನಿಯ ಮಾಲೀಕ ರಾಚಪ್ಪ ಮಾಸ್ತರರು ಅದನ್ನು ಮತ್ತೆ ಮತ್ತೆ ನೋಡಿ ಬಂದು ನನ್ನನ್ನು ಕರೆದರು.

"ಇದನ್ನ ಹಂಗ ಎತ್ತಿ ನಮ್ಮ ಸ್ಟೇಜಿನ ಮ್ಯಾಲ ಇಡು. ಏನೂ ಬದಲಾಗಬಾರದು. ಮಂದಿ ಒಮ್ಮೆ ಅಂಜಿದ್ದಕ್ಕ ಮತ್ತೊಮ್ಮೆ ಅಂಜೇ ಅಂಜ್ತಾರ."

"ಹೆಸರುಗಳೂ ಅವೇ ಇರಲೇನ್ರಿ?"

"ಹೆಸರು ನಮ್ಮವು ಮಾಡು. ಸಾಯೋ ಹೆಂಡತಿಗಿ ಗೌರವ್ವ ಅನ್ನು. ಹಣಿ ಮ್ಯಾಲ ಇಬತ್ತಿ ಹಚ್ಚು. ನಮ್ಮ ಮನಿ ಮಗಳು ಅನಸಬೇಕು."

ಹಾಗೇ ಮಾಡಿದೆ. ಚಿತ್ರದಲ್ಲಿದ್ದ ಗಾಜಿನ ಝೂಮರಿನ, ಅಂದರೆ ತೂಗುದೀಪದ ಗೊಂಚಲಿನ, ಬದಲು ಮಾಸ್ತರರು ತಗಡಿನ ಝೂಮರು ಮಾಡಿಸಿದರು. ಚಿತೆಗೆ ಕೆಂಪು ಕಾಗದ, ಅದರ ಕೆಳಗೆ ಬೀಸಣಿಕೆ. ನಟಿ ತಾರಾಬಾಯಿಗೆ ಬಿಳಿ ಸೀರೆ. ನಿಲಂಗಾದಲ್ಲಿ ಮೊದಲ ಆಟ. ಚಿತೆಯ ದೃಶ್ಯ ಬಂತು, ಕಾಗದದ ಬೆಂಕಿ ಅಲ್ಲಾಡಿತು. ಹೆಂಗಸರ ಕಡೆಯಿಂದ ಒಂದು ಮುದಿ ದನಿ ಎದ್ದಿತು.

"ಏ ಯಪ್ಪಾ, ಇಬತ್ತಿ ಹಚ್ಚಿದ ಸೊಸಿನ್ನ ಸುಡಾಕ ಹತ್ಯಾರಲ್ಲೋ! ಆಕಿ ತವರಮನಿಯವ್ರು ಯಾರೂ ಇಲ್ಲೇನು? ಹಿಡೀರಿ ಅವ್ರನ್ನ!"

ಟೆಂಟು ನಗೆಯಲ್ಲಿ ಮುಳುಗಿತು. ದೆವ್ವ ಬಂದಾಗ, "ನಮ್ಮತ್ತಿ ಬಂದಳು ನೋಡ್ರೇ, ಜಾಗ ಬಿಡ್ರಿ" ಎಂದಳು ಇನ್ನೊಬ್ಬಳು. ಝೂಮರು ತೂಗಾಡಿದಾಗ ಗಂಡಸರ ಕಡೆಯಿಂದ, "ಇದು ಯಾರ ಮನ್ಯಾಗ ಐತ್ರೀ? ಪಾಟೀಲರ ಮನ್ಯಾಗೂ ಇಲ್ಲ" ಎಂಬ ತಕರಾರು.

ಈ ಭಾಗದ ಲಿಂಗಾಯತ ರೈತರ ಮನೆಗಳಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂಡಿಸಿ ಹೂಳುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟು, ಅಯ್ಯನವರು, ಅಂದರೆ ಆ ಮನೆತನದ ಜಂಗಮ ಪುರೋಹಿತರು, ಕ್ರಿಯೆ ಮಾಡುತ್ತಾರೆ. ಕಂಪನಿಯಲ್ಲಿ ಅರ್ಧ ಜನ ಅಂಥ ಮನೆಗಳಿಂದಲೇ ಬಂದವರು. ತಿಂಗಳುಗಟ್ಟಲೆ ತಾಲೀಮು ಮಾಡಿದ್ದೇವೆ, ಒಬ್ಬರಿಗೂ ಹೊಳೆಯಲಿಲ್ಲ. ಕಣ್ಣ ತುಂಬ ಉದಗೀರದ ಪರದೆ ಇತ್ತು. ನಮ್ಮ ಮಗಳಿಗೆ ನಮ್ಮ ಹೆಸರಿಟ್ಟು ಅವರ ಚಿತೆಗೆ ಹತ್ತಿಸಿದ್ದೆವು.

ಟೆಂಟು ಔರಾದಕ್ಕೆ ಬರುವಷ್ಟರಲ್ಲಿ ನಾನು ಚಿತೆ ತೆಗೆದು ಸಮಾಧಿ ಹಾಕಿದೆ. ಈಗ ಗೌರವ್ವ ಸಮಾಧಿಯಿಂದ ಎದ್ದು ಬರುತ್ತಾಳೆ. ತರ್ಕ ಸರಿಯಾಯಿತು ಎಂದುಕೊಂಡೆ. ಮೊದಲ ಆಟಕ್ಕೆ ಮುಂದಿನ ಚಾಪೆಯ ಮೇಲೆ ಚನ್ನಬಸಯ್ಯನವರು ಕುಳಿತಿದ್ದರು. ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳಿಗೆ ತಲೆಮಾರುಗಳಿಂದ ಅಯ್ಯನವರ ಮನೆತನ. ಮದುವೆಗೂ ಅವರೇ, ಮಣ್ಣಿಗೂ ಅವರೇ. ಸಮಾಧಿ ಬಿರಿದು ತಾರಾಬಾಯಿ ಮೇಲೆದ್ದಳೋ ಇಲ್ಲವೋ, ಅವರು ಕೋಲೆತ್ತಿ ಕೇಳಿದರು.

"ಏ ತಮ್ಮಾ, ಆಕಿಗಿ ಕ್ರಿಯಾ ಮಾಡಿದ ಅಯ್ಯ ಯಾವ ಊರಾಂವ? ನಾ ಕುಂಡ್ರಿಸಿದವ್ರು ಇಲ್ಲಿತನಕ ಒಬ್ಬರೂ ಎದ್ದಿಲ್ಲ. ನಮ್ಮ ಹೊಟ್ಟಿ ಮ್ಯಾಲ ಯಾಕ ಹೊಡೀತೀರೋ?"

ಆ ದಿನ ನಾಟಕ ಅಲ್ಲಿಗೇ ನಿಂತಿತು. ನಗು ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಅಯ್ಯನವರು ಟೆಂಟಿನ ಮುಂದಿನ ಬೇವಿನ ಗಿಡದ ಕೆಳಗೆ ಸಿಕ್ಕರು. ನಾನು ಬಿಡಲಿಲ್ಲ.

"ದೆವ್ವ ಇಲ್ಲ ಅಂತ ನೀವೂ ಅಂತೀರಿ, ನಾನೂ ಅಂತೀನಿ. ಮತ್ತ ಜಗಳ ಎಲ್ಲಿಂದ ಬಂತ್ರಿ ಅಯ್ಯನವರೇ?"

"ನೀ ಇಲ್ಲ ಅಂತ ಹೇಳಿ ಟಿಕೀಟ ಹಚ್ಚಿ ತೋರಸ್ತಿ. ನಾ ಇಲ್ಲ ಅಂತ ಹೇಳಿ ಸುಮ್ಮಿರ್ತೀನಿ. ಅಷ್ಟ ಫರಕ."

"ಹಂಗಾದ್ರ ನಿಮ್ಮ ಮಂದಿ ಯಾತಕ್ಕೂ ಅಂಜಾಂಗಿಲ್ಲ?"

"ಲಿಂಗೈಕ್ಯ ಆದವ್ರಿಗೆ ಅಂಜಾಂಗಿಲ್ಲ."

"ಆಗದವ್ರಿಗೆ?"

ಅಯ್ಯನವರು ಕೋಲು ಊರಿ ಎದ್ದು, ಹಿಂತಿರುಗಿ ನೋಡದೆ ಊರ ದಾರಿ ಹಿಡಿದರು. ಎದುರಾಳಿ ಕಣ ಬಿಟ್ಟು ಹೋದರೆ ಗೆಲುವು ನನ್ನದೆಂದು ಎಣಿಸುವ ವಯಸ್ಸು ಅದು. ಗೆಲುವಿನ ಲೆಕ್ಕ ಹಾಕಿಕೊಂಡೇ ನಾನು ಹೊತ್ತು ಇಳಿದ ಮೇಲೆ ಹತ್ತಿರದ ಒಂದು ಹಳ್ಳಿಗೆ ಹೊರಟೆ. ಝೂಮರು ತೆಗೆದು ರೈತನ ಮನೆ ತೋರಿಸೋಣವೆಂದು ಮಾಸ್ತರರನ್ನು ಒಪ್ಪಿಸಿದ್ದೆ. ಅದಕ್ಕೆ ಒಂದು ಹೊರಸು, ಹಗ್ಗ ಹೆಣೆದ ಮಂಚ, ಎರವಲು ಬೇಕಿತ್ತು.

ಹೊರಸು ಯಾರಲ್ಲಿ ಸಿಕ್ಕೀತು ಎಂದು ಊರಬಾಗಿಲ ಅಗಸಿಯಲ್ಲಿ ಕೇಳಿದೆ. ಎಡಕ್ಕೆ ಹೋಗಿರಿ, ಬಲಕ್ಕೆ ಹೋಗಿರಿ ಎಂದರು. ನೆಟ್ಟಗೆ ಮುಂದಿದ್ದ ಓಣಿಯನ್ನು ಯಾರೂ ತೋರಿಸಲಿಲ್ಲ. "ಅದು?" ಎಂದೆ. "ದೀಪ ಹಚ್ಚೋ ಹೊತ್ತಾತು, ಆ ಓಣಿ ಬ್ಯಾಡ್ರಿ" ಎಂದರು. ನನ್ನಂಥವನಿಗೆ ಬೇಡ ಎಂದರೆ ಆಮಂತ್ರಣ ಕೊಟ್ಟ ಹಾಗೆ. ಹೋದೆ.

ಓಣಿಯಲ್ಲಿ ಬಾಗಿಲುಗಳೆಲ್ಲ ಹಾಕಿದ್ದವು. ಒಂದು ಮಾತ್ರ ತೆರೆದಿತ್ತು. ಅದರ ಪಕ್ಕದ ಮನೆಗೆ ಛಾವಣಿ ಇರಲಿಲ್ಲ, ಗೋಡೆಗೆ ಹಚ್ಚಿದ್ದ ಹಸಿರು ಸುಣ್ಣ ಮಾತ್ರ ಉಳಿದಿತ್ತು. ತೆರೆದ ಬಾಗಿಲಿನ ಹೊಸ್ತಿಲ ಮೇಲೆ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಕೈತುಂಬ ಹಸಿರು ಬಳೆ. ಪಕ್ಕದಲ್ಲಿ ಕಾಲು ತೊಳೆಯಲು ಇಟ್ಟ ನೀರಿನ ತಂಬಿಗೆ. ನನ್ನನ್ನು ಕಂಡು ಎದ್ದು ನಿಂತು, ಬೀಗರನ್ನು ಮಾತಾಡಿಸುವಷ್ಟು ಸಹಜವಾಗಿ ಕೇಳಿದಳು.

"ನಮ್ಮವರನ್ನ ಕಂಡ್ರೇನ್ರೀ?"

"ಯಾರನ್ನವ್ವಾ?"

"ಉದ್ದಿನ ರಾಶಿಗಿ ಹೊಲಕ್ಕ ಹೋದಾರ. ಬಲಗೈ ಮ್ಯಾಲ ಕುಡಗೋಲದ ಗಾಯ ಐತಿ."

ಯಾವಾಗ ಹೋದರು ಎಂದೆ. ಪೊಲೀಸ್ ಆಕ್ಷನ್ ಆದ ವರ್ಷ, ಗದ್ದಲ ಎದ್ದ ದಿನಗಳಲ್ಲಿ, ಎಂದಳು, ಅಂದರೆ 1948ರಲ್ಲಿ ಭಾರತದ ಸೈನ್ಯ ನಿಜಾಮನ ರಾಜ್ಯವನ್ನು ವಶಕ್ಕೆ ತೆಗೆದುಕೊಂಡಾಗ. ಏಳು ವರ್ಷದ ಹಿಂದಿನ ಮಾತು! ಬೆನ್ನ ಮೇಲೆ ತಣ್ಣಗೆ ಏನೋ ಹರಿಯಿತು. ದೆವ್ವ ನಂಬದವನಿಗೂ ಬೆನ್ನು ಇರುತ್ತದಲ್ಲ.

ಕಾಳವ್ವ ಆಕೆಯ ಹೆಸರು. ಹುಚ್ಚಿಯಲ್ಲ. ಹೊಲ ನೋಡಿಕೊಳ್ಳುತ್ತಿದ್ದಳು, ಆಳುಗಳನ್ನು ಗದರಿಸುತ್ತಿದ್ದಳು, ಎಲ್ಲ ಲೆಕ್ಕವೂ ನೆಟ್ಟಗಿತ್ತು. ದೀಪ ಹಚ್ಚುವ ಹೊತ್ತಿಗೆ ಮಾತ್ರ ಬಾಗಿಲು ತೆರೆದು ಕುಳಿತು, ಓಣಿಯಲ್ಲಿ ಬಂದವರನ್ನೆಲ್ಲ ಇದೊಂದನ್ನು ಕೇಳುತ್ತಿದ್ದಳು. ಜನ ಓಣಿಯನ್ನೇ ಬಿಟ್ಟಿದ್ದರು.

"ಸತ್ತಾರ ಅಂದ್ರ ಮಣ್ಣು ತೋರಸ್ರಿ, ಬಳಿ ತಗೀತೀನಿ. ಅದಾರ ಅಂದ್ರ ಅವ್ರನ್ನ ತೋರಸ್ರಿ. ಎರಡೂ ಇಲ್ಲಂದ್ರ ನಾ ಏನಂತ ಬಾಳ್ವೆ ಮಾಡ್ಲಿ? ಅಯ್ಯನವರು ಅಂತಾರ, ದೇಹ ಇಲ್ದ ಕ್ರಿಯಾ ಇಲ್ಲವ್ವ ಅಂತ. ಈಗ ಅವರೂ ಈ ಕಡಿ ಬರೋದು ಬಿಟ್ಟಾರ."

ನಾನು ಯಾರು, ಏಕೆ ಬಂದೆ ಎಂದು ಹೇಳಿದೆ. ನಾಟಕದಲ್ಲಿ ನಿನ್ನ ಮಾತು ಬಳಸಲೇ ಎಂದು ನೇರವಾಗಿಯೇ ಕೇಳಿದೆ.

"ಹಾಕ್ರಿ. ನಾ ಕೇಳಿ ಕೇಳಿ ಮಂದಿಗಿ ಬ್ಯಾಸರ ಆಗೇದ. ಆಕಿ ಕೇಳಿದ್ರರ ಹೇಳ್ತಾರೇನೋ, ನೋಡಾಕ ಬರ್ತೀನಿ."

ಹೊರಸನ್ನೂ ಆಕೆಯೇ ಕೊಟ್ಟಳು.

ಟೆಂಟಿಗೆ ಬಂದು ದೆವ್ವವನ್ನು ತೆಗೆದುಹಾಕಿದೆ. ಸಮಾಧಿ ಇಲ್ಲ, ಬಿಳಿ ಸೀರೆ ಇಲ್ಲ, ನಡೆದು ಬರುವ ದೀಪ ಇಲ್ಲ. ಗೌರವ್ವ ಸಾಯುವುದೇ ಇಲ್ಲ. ಗಂಡ ಹೊಲಕ್ಕೆ ಹೋದವನು ಬಂದಿಲ್ಲ. ಬಾಗಿಲಲ್ಲಿ ನಿಂತು ಆಕೆ ದಾರಿಯಲ್ಲಿ ಹೋಗುವವರನ್ನು ಕೇಳುತ್ತಾಳೆ. ಕೊನೆಗೆ ಊರ ಅಯ್ಯನವರು ಬರುತ್ತಾರೆ, "ಇಲ್ಲವ್ವ, ನಾ ಕಾಣಲಿಲ್ಲ" ಎನ್ನುತ್ತಾರೆ. ಆಗ ಕತ್ತಲೆ. ಕತ್ತಲೆಯಲ್ಲಿ ಯಾರೋ ಬಾಗಿಲು ತಟ್ಟುತ್ತಾರೆ. ಪರದೆ. ಬಂದವನು ಬದುಕಿದ್ದಾನೋ ಇಲ್ಲವೋ ನಾಟಕ ಹೇಳುವುದಿಲ್ಲ.

ಮಾಸ್ತರರು ಹಣೆ ಬಡಿದುಕೊಂಡರು. "ದೆವ್ವದ ನಾಟಕದಾಗ ದೆವ್ವನ ಇಲ್ಲಂದ್ರ ಮಂದಿ ನನ್ನ ಹೊಡೀತಾರೋ!"

"ನಿನ್ನೆ ದೆವ್ವ ಇತ್ತಲ್ರೀ. ಹೊಡದರೇನು? ನಕ್ಕರು."

"ನಗೂದು ಹೊಡ್ತಕ್ಕಿಂತ ಕಡಿಮಿ ಅಂತ ತಿಳದೀ?" ಎಂದರು. ಕೊನೆಗೆ ಅವರು ಒಪ್ಪಿಕೊಂಡದ್ದು ಬೇರೆ ದಾರಿಯಿಲ್ಲದ್ದಕ್ಕೆ.

ಸಂತೆಯ ದಿನ, ಹೊತ್ತು ಮುಳುಗುತ್ತಲೇ ಆಟ ಶುರುವಾಯಿತು. ಕಂಪನಿಗಳಲ್ಲಿ ಕತ್ತಲೆ ಮಾಡುವ ರೀತಿ ಹೇಳಬೇಕು. ನಮ್ಮಲ್ಲಿ ವಿದ್ಯುತ್ತಿಲ್ಲ, ಗ್ಯಾಸ್ ಬತ್ತಿ. ಅದನ್ನು ಆರಿಸಿ ಮತ್ತೆ ಹಚ್ಚಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ತಳ ತೆಗೆದ ಡಬ್ಬಿಗಳಿಗೆ ಕಪ್ಪು ಬಟ್ಟೆ ಸುತ್ತಿ, ಬತ್ತಿಯವರು ಗೊತ್ತಾದ ಮಾತು ಬಂದೊಡನೆ ಎಲ್ಲ ಬತ್ತಿಗಳ ಮೇಲೂ ಒಟ್ಟಿಗೆ ಇಳಿಸುತ್ತಾರೆ. ಬತ್ತಿಯ ಭುಸ್ಸೆನ್ನುವ ಸದ್ದು ಉಳಿಯುತ್ತದೆ, ಬೆಳಕು ಹೋಗುತ್ತದೆ. ಆ ದಿನದ ಗೊತ್ತಾದ ಮಾತು "ಕಾಣಲಿಲ್ಲ."

ತಾರಾಬಾಯಿ ಮೊದಲ ಸಲ "ನಮ್ಮವರನ್ನ ಕಂಡ್ರೇನ್ರೀ?" ಎಂದಾಗ ಟೆಂಟಿನಲ್ಲಿ ಕಡಲೆ ತಿನ್ನುವ ಸದ್ದು ನಿಂತಿತು. ಎರಡನೆಯ ಸಲಕ್ಕೆ ಕೆಲವು ಗಂಡಸರು ತಲೆ ತಗ್ಗಿಸಿದರು. ಪರದೆಯ ಸಂದಿನಿಂದ ನನಗೆ ಮುಖಗಳು ಕಾಣುತ್ತಿದ್ದವು. ನೋಡುವವರು ಯಾರೂ ರಂಗವನ್ನು ನೋಡುತ್ತಿರಲಿಲ್ಲ. ಹಗ್ಗದಾಚೆ, ಹೆಂಗಸರ ನಡುವೆ ಕುಳಿತಿದ್ದ ಕಾಳವ್ವನನ್ನು ನೋಡದಿರಲು ಎಲ್ಲರೂ ಪಾಡು ಪಡುತ್ತಿದ್ದರು. ಮುಂದಿನ ಚಾಪೆಯಲ್ಲಿ ಚನ್ನಬಸಯ್ಯನವರೂ ಇದ್ದರು.

ಅಯ್ಯನವರ ಪಾತ್ರದ ದುಂಡಪ್ಪ ಕಾವಿ ಉಟ್ಟು ಬಂದ. "ಇಲ್ಲವ್ವ, ನಾ ಕಾಣಲಿಲ್ಲ" ಎಂದ. ಅಷ್ಟರಲ್ಲಿ ಕಾಳವ್ವ ಎದ್ದು ನಿಂತಿದ್ದಳು.

"ಅಯ್ಯನವರ, ಆಕಿಗಿ ಸುಳ್ಳು ಹೇಳಬ್ಯಾಡ್ರಿ. ಎಲ್ಲಿ ಇಟ್ಟಾರ ಅಂತ ಹೇಳಿಬಿಡ್ರಿ. ಆಕಿ ಅಳಾಂಗಿಲ್ಲ. ಯಾರು ಅಂತ ಕೇಳಾಂಗಿಲ್ಲ. ಎಲ್ಲಿ ಅಂತ ಅಷ್ಟ ಹೇಳ್ರಿ."

ದುಂಡಪ್ಪ ನನ್ನ ಕಡೆ ನೋಡಿದ. ಎತ್ತಿಕೊಡಲು ನನ್ನ ಕೈಯಲ್ಲಿ ಮಾತಿರಲಿಲ್ಲ. ಅವನು ಹಿಂದಕ್ಕೆ ಸರಿದು ಪರದೆಯೊಳಗೆ ಬಂದುಬಿಟ್ಟ, ಅವನ ಹಿಂದೆ ತಾರಾಬಾಯಿಯೂ. ಬತ್ತಿಯವರಿಗೆ ಇದೊಂದೂ ಗೊತ್ತಿಲ್ಲ. ಗೊತ್ತಾದ ಮಾತು ಕೇಳಿಸಿತ್ತು; ಆಕೆಯ ಮಾತೂ ನಾಟಕದ್ದೇ ಎಂದು ತಡೆದಿದ್ದವರು ಈಗ ಡಬ್ಬಿ ಇಳಿಸಿದರು.

ಕತ್ತಲೆ. ಭುಸ್ಸೆನ್ನುವ ಬತ್ತಿಗಳು. ಆ ಸದ್ದಿನೊಳಗಿಂದ ಒಂದು ಒಣಗಿದ ದನಿ ಬಂತು.

"ಹಳ್ಳದ ಆ ದಂಡಿಗಿ, ಬನ್ನಿಗಿಡದ ಬುಡಕ. ಕುಂಡ್ರಿಸ್ಯಾರ. ಇಬತ್ತಿ ಹಚ್ಯಾರ. ಹಂಗ ಬಿಟ್ಟಿಲ್ಲವ್ವ, ಹಂಗ ಬಿಟ್ಟಿಲ್ಲ."

ಡಬ್ಬಿ ಎತ್ತಿದಾಗ ರಂಗ ಖಾಲಿ ಇತ್ತು. ಕಾಳವ್ವ ಖಾಲಿ ರಂಗದ ಕಡೆಗೆ ಕೈಮುಗಿದು, ಹಗ್ಗ ದಾಟಿ ಹೊರಗೆ ನಡೆದಳು.

ನನ್ನ ವಾದ ಇಷ್ಟು. ಸತ್ತವನು ಬಂದಿದ್ದರೆ ಕೊಂದವರ ಹೆಸರು ಹೇಳುತ್ತಿದ್ದ. ಈ ದನಿಗೆ ಕೊಂದವರ ಚಿಂತೆ ಇರಲಿಲ್ಲ, ವಿಭೂತಿಯ ಚಿಂತೆ ಇತ್ತು. ಹೆಣಕ್ಕೆ ವಿಭೂತಿ ಹಚ್ಚಿದ್ದೇವೆ ಎಂದು ಸಮಾಧಾನ ಹೇಳಬೇಕಾದವನು ಊರಿಗೆ ಒಬ್ಬನೇ. ಮೇಲಾಗಿ ಬೇವಿನ ಗಿಡದ ಕೆಳಗೆ ನನ್ನೊಡನೆ ವಾದ ಮಾಡಿದ ಕಂಠ ಅದು, ಮತ್ತು ಅದು ನನ್ನಿಂದ ಒಂದು ಮಾರು ದೂರದಲ್ಲಿತ್ತು.

ಬೆಳಿಗ್ಗೆ ಬನ್ನಿಗಿಡದ ಬುಡದಲ್ಲಿ ಅಗೆದರು. ಮಣ್ಣಿನಲ್ಲಿ ಕೂತ ಭಂಗಿಯಲ್ಲಿ ಅವನಿದ್ದ. ಎದೆಯ ಹತ್ತಿರ ಲಿಂಗದ ಕರಡಿಗೆ. ಕಾಳವ್ವ ಅದನ್ನು ಕಂಡೇ ಗುರುತು ಹಿಡಿದಳು. ಠಾಣೆಯವರು ಬಂದರು. ಇಲ್ಲಿ ಹೆಣ ಇದೆಯೆಂದು ಯಾರು ಹೇಳಿದರು ಎಂದು ಕೇಳಿದರು. ಎಲ್ಲರಿಗಿಂತ ಮೊದಲು ಕಾಳವ್ವ ಬಾಯಿ ತೆರೆದಳು.

"ನಮ್ಮವರೇ ಬಂದು ಹೇಳಿದ್ರು, ಸಾಹೇಬ. ಅವ್ರ ದನಿ ನನಗ ಗುರ್ತ ಇಲ್ಲೇನ್ರಿ?"

ಅದಾದ ಮೇಲೆ ಟೆಂಟಿನಲ್ಲಿದ್ದವರೆಲ್ಲ ಅದನ್ನೇ ಬರೆಸಿದರು. ದೆವ್ವವನ್ನು ಠಾಣೆಗೆ ಕರೆಸುವ ಕಾನೂನಿಲ್ಲ. ಕಾಗದ ಅಲ್ಲಿಗೇ ನಿಂತಿತು. ಆ ಸಂಜೆ ಚನ್ನಬಸಯ್ಯನವರು ಎಲ್ಲರೆದುರು ಪೂರ್ತಿ ಕ್ರಿಯೆ ಮಾಡಿದರು. ಕಾಳವ್ವ ಬಳೆಗಳನ್ನು ತಾನೇ ತೆಗೆದಳು.

ಟೆಂಟು ಕೀಳುವ ಮೊದಲು ನಾನು ಅಯ್ಯನವರನ್ನು ಕಂಡೆ. ಅವರು ಅಲ್ಲಗಳೆಯಲಿಲ್ಲ.

"ಸಾಬರನ್ನ ಹುಡುಕಿ ಹೊಡಿಯೋ ಗದ್ದಲದಾಗ ಕಾಳವ್ವನ ಗಂಡ ಪಕ್ಕದ ಮನಿ ಸಾಬರ ಕೂಸುಗೋಳ್ನ ತನ್ನ ಹಗೇವಿನ್ಯಾಗ ಇಳಿಸಿ ಮುಚ್ಚಿದ್ದ. ತೋರಸು ಅಂದ್ರು, ತೋರಸಲಿಲ್ಲ. ಕೊಂದವ್ರು ನಮ್ಮವ್ರೇ. ನನ್ನ ಕರದು, ಲಗೂ ಮುಗಸು, ಬಾಯಿ ಬಿಟ್ರ ನಿನಗೂ ಜಾಗ ಐತಿ ಅಂದ್ರು. ಇಬತ್ತಿ ಹಚ್ಚಾಕ ಅಷ್ಟ ಬಿಟ್ರು, ಮಂತ್ರ ಮುಗಿಸಾಕ ಬಿಡಲಿಲ್ಲ. ಅವ್ರ ಮನ್ಯಾಗೂ ನಾನೇ ಪೂಜಿ ಮಾಡ್ತೀನಿ, ತಮ್ಮಾ. ಅವ್ರ ಮಕ್ಕಳಿಗೂ ನಾನೇ ಲಿಂಗ ಕಟ್ಟೀನಿ."

"ಕಾಳವ್ವಗ ನಿಮ್ಮ ದನಿ ಗೊತ್ತಾಗಿರ್ತದಲ್ರೀ?"

"ಆಕಿ ಮದಿವಿ ಮಾಡಿಸಿದಾಂವ ನಾನು. ಗೊತ್ತಾಗದ ಇರ್ತದೇನು?"

ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಛಾವಣಿಯಿಲ್ಲದ ಆ ಹಸಿರು ಸುಣ್ಣದ ಗೋಡೆ ಯಾರ ಮನೆಯದೆಂದು ನನಗೆ ಆಗ ತಿಳಿಯಿತು. ಕೂಸುಗಳು ಬದುಕಿದುವೇ ಎಂದೆ. ಅವರ ಚಿಕ್ಕಪ್ಪ ಬೀದರದಿಂದ ಬಂದು ಕರೆದೊಯ್ದನಂತೆ.

ನಾಟಕ ಮುಂದೆ ಎಲ್ಲೆಲ್ಲೂ ಓಡಿತು. ದೆವ್ವ ಮಾತಾಡುವ ನಾಟಕ ಎಂದು ಲೋಹಾರಾದಿಂದ, ಜಳಕೋಟದಿಂದ ಗಾಡಿ ಕಟ್ಟಿಕೊಂಡು ಬಂದರು. ಇನ್ನೊಂದು ಕಂಪನಿ ನಮ್ಮ ನಾಟಕವನ್ನು ಹಾಗೇ ಎತ್ತಿತು, ಡಬ್ಬಿ ಕತ್ತಲೆ ಸಮೇತ. ಕತ್ತಲೆಯಲ್ಲಿ ಒಬ್ಬ ನಟನಿಂದ ಬನ್ನಿಗಿಡದ ಮಾತನ್ನೇ ಹೇಳಿಸಿತು. ಜನ ಸೀಟಿ ಹೊಡೆದರು. ಅಲ್ಲಿ ಆ ಬನ್ನಿಗಿಡ ಯಾರಿಗೂ ಸೇರಿದ್ದಲ್ಲ. ನಮ್ಮ ಮಾಸ್ತರರು ಉದಗೀರದ ಚಿತ್ರ ತಂದಾಗ ಆದದ್ದೂ ಇದೇ.

ಈ ಕೆಲಸ ನನಗೆ ಕಲಿಸಿದ್ದನ್ನು ನಿರ್ಮಾಪಕರಿಗೆ ಹೀಗೆ ಹೇಳುತ್ತೇನೆ. ಹಳೆಯ ಚಿತ್ರದಿಂದ ದೆವ್ವವನ್ನು ತರಬೇಡಿ, ಅದು ಆ ಊರಿನದು. ಕಥೆಯ ಬಾಗಿಲನ್ನಷ್ಟೇ, ಅಂದರೆ ಯಾರೋ ಬರಬೇಕೆಂಬ ಕಾಯುವಿಕೆಯನ್ನಷ್ಟೇ, ತನ್ನಿ. ನಿಮ್ಮ ಪ್ರೇಕ್ಷಕರು ಯಾವ ಓಣಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ನಡೆಯುವುದಿಲ್ಲ ಎಂದು ಹುಡುಕಿ, ಬಾಗಿಲನ್ನು ಅಲ್ಲಿ ನಿಲ್ಲಿಸಿ. ಬರಬೇಕಾದದ್ದು ತಾನೇ ಬರುತ್ತದೆ. ಆಮೇಲೆ ಅದನ್ನು ಎದುರಿಸುವ ತಾಕತ್ತು ನಿಮಗಿದೆಯೇ ಎಂಬುದು ಬೇರೆ ಪ್ರಶ್ನೆ. ನನಗೆ ಇತ್ತೆಂದು ಹೇಳಲಾರೆ.

ಚನ್ನಬಸಯ್ಯನವರು ಕಳೆದ ಶ್ರಾವಣದಲ್ಲಿ ಲಿಂಗೈಕ್ಯರಾದರು. ಆದ್ದರಿಂದ ಇದನ್ನು ಬರೆಯಬಹುದು. ಬರೆಯುವ ಮೊದಲು ಆ ಹಳ್ಳಿಗೆ ಹೋಗಿದ್ದೆ. ಕಾಳವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ನೀರು ಕೊಟ್ಟಳು, ಬೆಲ್ಲ ಕೊಟ್ಟಳು, ಮದ್ರಾಸಿನಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೇ ಎಂದು ಕೇಳಿದಳು. ಓಣಿಯಲ್ಲಿ ಈಗ ಜನ ಓಡಾಡುತ್ತಿದ್ದರು. ಹಾದು ಹೋದ ಒಬ್ಬ ಹಿರಿಯ ನಿಂತು, "ರಾಮರಾಮ ಕಾಳವ್ವ" ಎಂದ. "ರಾಮರಾಮ ಕಾಕಾ, ಮೊಮ್ಮಗಗ ಜ್ವರ ಇಳದಾವೇನು?" ಎಂದಳು ಆಕೆ. ಅವನು ದಾಟಿ ಹೋಗುವ ತನಕ ಅವನ ಬೆನ್ನನ್ನೇ ನೋಡುತ್ತಿದ್ದಳು. ಆಮೇಲೆ ಮತ್ತೆ ಮೆಣಸಿನಕಾಯಿಗೆ ಬಾಗಿದಳು. ನಾನು ಕೇಳಿದೆ.

"ಅವ್ವಾ, ಕತ್ತಲ್ಯಾಗ ಮಾತಾಡಿದವ್ರು ಯಾರಂತ ನಿಮಗ ಅವತ್ತೇ ಗೊತ್ತಿತ್ತು. ಅವ್ರ ಹೆಸರು ಹೇಳಿದ್ರ ಮಿಕ್ಕವ್ರ ಹೆಸರೂ ಹೊರಗ ಬರ್ತಿದ್ವು. ಮತ್ತ ಠಾಣೆದವ್ರು ಕೇಳಿದಾಗ ಗಂಡನೇ ಬಂದು ಹೇಳಿದ್ರು ಅಂತ ಯಾಕ ಬರಸಿದ್ರಿ?"

"ಯಾರು ಅಂತ ಕೇಳಾಂಗಿಲ್ಲ ಅಂತ ಟೆಂಟಿನ್ಯಾಗ ಮಾತ ಕೊಟ್ಟಿದ್ನಲ್ರೀ," ಎಂದು ಆಕೆ ಮೆಣಸಿನಕಾಯಿ ತಿರುವಿದಳು, "ಅಯ್ಯನವರ ಹೆಸರು ಹೇಳಿದ್ರ ಅವ್ರನ್ನೂ ಉಳಸ್ತಿರಲಿಲ್ಲ, ನಮ್ಮವರಿಗೆ ಕ್ರಿಯಾ ಯಾರು ಮಾಡ್ತಿದ್ರು?"